ಹೊಟ್ಟೆಯಲ್ಲಿಟ್ಟುಕೊಂಡ ವಾಲ್ವ್

ಬೆಳಗಿನ ಆರಕ್ಕೆ ಐದು ನಿಮಿಷ ಇದೆ ಎನ್ನುವಾಗ ನೀರುಗಂಟಿ ಕಬ್ಬಿಣದ ಸರಳಿನ ಒಂದು ತುದಿಯನ್ನು ಪೈಪಿಗೆ, ಇನ್ನೊಂದನ್ನು ಕಿವಿಗೆ ಒತ್ತಿ ಕಣ್ಣು ಮುಚ್ಚುತ್ತಿದ್ದ. ಒಳಗಿನ ನೀರಿನ ಸದ್ದು ಕೇಳಿ, ದೇವರನ್ನು ನೆನೆದು, ಆಮೇಲೆ ವಾಲ್ವ್ ತಿರುಗಿಸಿ ಊರಿಗೆ ನೀರು ಬಿಡುವುದು. ಮೂವತ್ತೊಂದು ವರ್ಷದಲ್ಲಿ ಒಂದು ದಿನವೂ ತಪ್ಪಿಸಿದವನಲ್ಲ. "ಮದುವೆ ದಿನ ನನಗಿಂತ ಮೊದಲು ಪೈಪಿನ ಜೊತೆ ಮಾತಾಡಿ ಬಂದ ಮಹಾರಾಯ" ಎಂದು ಹೆಂಡತಿ ಇವತ್ತಿಗೂ ಆಡಿಕೊಳ್ಳುತ್ತಾಳೆ.

ಕೆಲಸ ಕಲಿಸಿದ ಸೋದರಮಾವ ಒಂದು ಕಿವಿಮಾತು ಹೇಳಿದ್ದ: "ಎಲ್ಲಾ ವಾಲ್ವ್ ತೋರಿಸು, ಒಂದನ್ನ ಮಾತ್ರ ಹೊಟ್ಟೇಲಿ ಇಟ್ಕೋ. ಅದಿರೋ ತನಕ ನಿನ್ನ ಯಾರೂ ಕೆಲಸದಿಂದ ತೆಗೆಯಲ್ಲ." ನೀರುಗಂಟಿಗಳೆಲ್ಲ ಹಾಗೆಯೇ ಮಾಡಿಕೊಂಡು ಬಂದವರು.

ಅಭಿವೃದ್ಧಿ ಬ್ಯಾಂಕಿನ ಸಾಲ ಬಂತು. ಸಾಲದ ಷರತ್ತಿನಂತೆ ಊರಿನ ನೀರು ಖಾಸಗಿ ಕಂಪನಿಯ ಕೈಗೆ ಹೋಯಿತು. ನಕ್ಷೆ ಬರೆಯುವವರು ಅವನನ್ನು ಮುಂದಿಟ್ಟುಕೊಂಡು ಬೀದಿ ಬೀದಿ ಸುತ್ತಿದರು. ನೂರಾ ಹದಿನಾಲ್ಕು ವಾಲ್ವ್ ತೋರಿಸಿದ. ನೂರಾ ಹದಿನೈದನೆಯದರ ಮುಚ್ಚಳದ ಮೇಲೆ ತಾನೇ ನಿಂತುಕೊಂಡು, "ಈ ಕಡೆ ಏನಿಲ್ಲ ಸಾರ್" ಎಂದ. ಅದು ಬೀದಿಗಳ ಹಿಂದಿನ ಓಣಿಗೆ ನೀರು ಬಿಡುವ ವಾಲ್ವ್. ಓಣಿಯಲ್ಲಿ ಇಪ್ಪತ್ತೆರಡು ಮನೆ, ಕೊನೆಯದು ಅವನ ಅಕ್ಕನದು.

ಮಾವನ ಉಪಾಯ ಪೂರ್ತಿ ಫಲಿಸಲಿಲ್ಲ. ವಾಲ್ವ್‌ಗಳು ಕಚೇರಿಯಿಂದಲೇ ತಿರುಗತೊಡಗಿದವು, ಅವನನ್ನು ಕಂಪನಿಯ ಗೇಟು ಕಾಯಲು ಹಾಕಿದರು. ಬಚ್ಚಿಟ್ಟ ಒಂದನ್ನು ಮಾತ್ರ ದಿನಾ ಬೆಳಿಗ್ಗೆ ಅವನೇ ಗುಟ್ಟಾಗಿ ಹೋಗಿ ತಿರುಗಿಸಿ ಬರುತ್ತಿದ್ದ. ನಕ್ಷೆಯಲ್ಲಿದ್ದ ಬೀದಿಗಳನ್ನೆಲ್ಲ ಹೊಸ ಕೊಳವೆಗೆ ಜೋಡಿಸಿ, ಒಂದು ಸೋಮವಾರ ಹಳೆಯ ಕೊಳವೆಯ ಬಾಯಿ ಮುಚ್ಚಿದರು. ಅವನಿಗೆ ಯಾರೂ ಹೇಳಲಿಲ್ಲ.

ಮಂಗಳವಾರ ಬೆಳಿಗ್ಗೆ ಎಂದಿನಂತೆ ಬಚ್ಚಿಟ್ಟ ವಾಲ್ವಿಗೆ ಸರಳು ಒತ್ತಿದ. ನೀರಿನ ಸದ್ದಿಲ್ಲ. ಒಳಗೆ ಏನೋ ಉಸಿರಾಡುತ್ತಿತ್ತು. ದೀರ್ಘವಾಗಿ ಎಳೆದುಕೊಂಡು, ಅಷ್ಟೇ ದೀರ್ಘವಾಗಿ ಬಿಡುತ್ತಿತ್ತು. ತನ್ನ ಎದೆಯ ಸದ್ದೇ ಇರಬೇಕೆಂದು ಕಿವಿ ಬದಲಿಸಿದ. ಆಗ ಎರಡು ಬೀದಿ ಆಚೆಯಿಂದ, ಟೊಳ್ಳು ಪೈಪಿನೊಳಗಿಂದ, ಅಕ್ಕನ ದನಿ ಸ್ಪಷ್ಟವಾಗಿ ಕೇಳಿತು:

"ತಮ್ಮಾ... ಬಿಟ್ಯೇನೋ?"

ಸರಳು ಹಿಡಿದುಕೊಂಡೇ ಓಣಿಯತ್ತ ಓಡಿದ.

ಓಣಿಯಲ್ಲಿ ಪ್ರತಿ ನಲ್ಲಿಯ ಕೆಳಗೂ ಖಾಲಿ ಕೊಡ. ಅಕ್ಕ ನಲ್ಲಿಯ ಮೇಲೆ ಒಣಹಾಕಿದ್ದ ಒರೆಸುವ ಬಟ್ಟೆಯ ತುದಿಯನ್ನು ನಲ್ಲಿ ಮೆಲ್ಲಗೆ ಒಳಗೆಳೆದುಕೊಳ್ಳುತ್ತಿತ್ತು, ಮಗು ಹಾಲು ಚೀಪುವ ಹಾಗೆ.

"ನಿನ್ನೆಯಿಂದ ಹೀಗೇ ಕಣೋ. ನೀರು ಕೊಡೋದು ಬಿಟ್ಟು ನಮ್ಮನ್ನೇ ಕುಡಿಯೋ ಹಾಗಿದೆ," ಎಂದಳು ಅಕ್ಕ. "ಕಂಪನಿಗೆ ಫೋನ್ ಮಾಡಿದ್ರೆ ಅಂಥ ಓಣಿನೇ ಇಲ್ಲ ಅಂತಾರೆ. ಐವತ್ತು ವರ್ಷದಿಂದ ಇಲ್ಲಿ ಪಾತ್ರೆ ತೊಳೀತಿರೋ ನಾನೇನು ದೆವ್ವಾನಾ?"

ಪಕ್ಕದ ಮನೆಯಾಕೆ ನಕ್ಕಳು. ಅವಳೊಂದಿಗೆ ಯಾರೂ ನಗಲಿಲ್ಲ. ಅವನಿಗೆ ಅಕ್ಕನ ಕಣ್ಣು ನೋಡಲಾಗಲಿಲ್ಲ.

ಕಚೇರಿಯಲ್ಲಿ ಎಂಜಿನಿಯರ್ ಪರದೆಯ ಮೇಲೆ ನಕ್ಷೆ ದೊಡ್ಡದು ಮಾಡಿ ತೋರಿಸಿದ. ಎರಡು ಬೀದಿಗಳ ನಡುವೆ ಬೂದು ಬಣ್ಣದ ಬಯಲು. ಅಕ್ಕನ ಮನೆಯಿರಬೇಕಾದ ಕಡೆ ನೀರುಗಂಟಿ ಬೆರಳಿಟ್ಟ. ಬೆರಳಿನಡಿ ಏನೂ ಇರಲಿಲ್ಲ.

"ಬಚ್ಚಿಟ್ಟವನು ನಾನೇ ಸಾರ್," ಎಂದ.

ಎಂಜಿನಿಯರ್ ಕೆಟ್ಟವನಲ್ಲ. ಎದ್ದು ಬಾಗಿಲು ಮುಂದೆ ಮಾಡಿದ. "ನೋಡಿ ಯಜಮಾನ್ರೇ, ನೀರು ಕೊಡೋ ಬೀದಿಗಳ ಪಟ್ಟಿ ಬ್ಯಾಂಕಿಗೆ ಹೋಗಾಯ್ತು. ಈಗ ಓಣಿ ಸೇರಿಸಬೇಕು ಅಂದ್ರೆ ಯಾಕೆ ಬಿಟ್ಟುಹೋಯ್ತು ಅಂತ ಬರೀಬೇಕು. ಬರೆದ್ರೆ ನಿಮ್ಮ ಕೆಲಸ ಹೋಗುತ್ತೆ. ಸುಮ್ನಿರಿ. ನಿಮ್ಮಕ್ಕನ ಮನೆ ಹಿಂಗೋಡೆ ಆಚೆ ಬೀದಿಗೆ ತಾಗುತ್ತಲ್ವಾ? ಅಲ್ಲಿಂದ ಒಂದು ನಲ್ಲಿ ಎಳೆಸಿಕೊಡ್ತೀನಿ. ನನ್ನ ಕಡೆಯಿಂದ ಉಪಕಾರ ಅಂತ ತಿಳ್ಕೊಳ್ಳಿ."

"ಉಳಿದವರು?"

"ನೀರಿಲ್ಲದ ಓಣಿ ಎಷ್ಟು ದಿನ ಇರುತ್ತೆ? ವರ್ಷದೊಳಗೆ ನಕ್ಷೇಲಿರೋ ಹಾಗೇ ಆಗುತ್ತೆ."

ನೀರುಗಂಟಿಯ ಕೈಯಲ್ಲಿದ್ದ ಸರಳಿನ ತುದಿ ನೆಲಕ್ಕೆ ತಾಗಿತ್ತು. ಅದು ಸಣ್ಣಗೆ ಕಂಪಿಸಿದಂತಾಯಿತು, ಕೆಳಗಿನಿಂದ ಯಾರೋ ಉಸಿರೆಳೆದುಕೊಂಡ ಹಾಗೆ.

"ಬೇಡ ಸಾರ್," ಎಂದ. "ಅಕ್ಕನ ಕೊಡ ತುಂಬೋವಾಗ ಇಪ್ಪತ್ತೊಂದು ನಲ್ಲಿ ಉಸಿರೆಳೀತಾ ಇರುತ್ವೆ. ಅದನ್ನ ಕೇಳೋಕೆ ಈ ಕಿವಿಗೆ ಆಗಲ್ಲ. ಯಾಕೆ ಬಿಟ್ಟುಹೋಯ್ತು ಅಂತ ಬರೀರಿ. ಕೆಳಗೆ ನಾನು ರುಜು ಹಾಕ್ತೀನಿ."