ಸಾಲಾಗಿ ನಿಂತ ಕಳೆ

ಹಿತಕಿದ ಬೇಳೆ ಸಾರಿಗೆಂದು ನೆನೆಸಿದ ಅವರೆಕಾಳನ್ನು ಚಿಕ್ಕಮ್ಮನ ಎದುರು ಕೂತು ಹಿಸುಕುತ್ತಿದ್ದೇನೆ. ಬೆರಳಿಗೆಲ್ಲ ಸೊಗಡು. ಈ ವಾಸನೆಗೆ ಬಾಲ್ಯ ನೆನಪಾಗಬೇಕೆಂಬುದು ನಮ್ಮಂಥ ಬರೆಯುವವರ ಕಟ್ಟಳೆ. ನನಗೆ ನೆನಪಾಗುವುದು ಡ್ರೋನು. ಏನು ಮಾಡಲಿ ಹೇಳಿ.

ದೊಡ್ಡಬಳ್ಳಾಪುರದಾಚೆಯ ಇವರ ಹೊಲದಲ್ಲಿ ರಾಗಿ ಬಿತ್ತುವಾಗ ನಡುನಡುವೆ ಅಕ್ಕಡಿ ಸಾಲು ಬಿಟ್ಟು ಅವರೆ ಹಾಕುತ್ತಾರೆ. ರಾಗಿ ಯಜಮಾನನದು, ಅಕ್ಕಡಿ ಹೆಂಗಸಿನದು. ಈ ಮನೆಯ ರೂಢಿ ಅದು. ಚಿಕ್ಕಮ್ಮನದು ತವರಿನಿಂದ ತಂದ ಬೀಜ. ತವರಿನ ಹೊಲ ಲೇಔಟಾದ ಮೇಲೆ ಆ ಅವರೆ ಉಳಿದಿದ್ದು ಇಲ್ಲೊಂದೇ ಕಡೆ.

ಕೆಲವು ವರ್ಷಗಳ ಹಿಂದೆ ಚಿಕ್ಕಪ್ಪನಿಗೆ ಮುಂದುವರಿದ ರೈತನಾಗುವ ಹುಕಿ ಬಂತು. ಆಕಾಶದಿಂದ ಫೋಟೊ ತೆಗೆದು, ಕಳೆ ಗುರುತಿಸಿ, ಅಲ್ಲಿಗಷ್ಟೇ ಔಷಧಿ ಹೊಡೆಯುವ ಡ್ರೋನನ್ನು ಬಾಡಿಗೆಗೆ ಕರೆಸಿದ. ಹಾರಿಸಲು ಬಂದವಳು ಇಲ್ಲೇ ಹತ್ತಿರದ ವಿಜಯಪುರದ ಹೆಣ್ಣುಮಗಳು. ನಕ್ಷೆ ಮೂಡಿತು: ರಾಗಿ ಹಸಿರು, ಕಳೆ ಕೆಂಪು. ಕೆಂಪೆಲ್ಲ ಸ್ಕೇಲಿಟ್ಟು ಎಳೆದ ಹಾಗೆ ಸಾಲುಸಾಲು. ಇಷ್ಟು ಶಿಸ್ತಿನ ಕಳೆ ಎಲ್ಲಾದರೂ ಉಂಟೇ ಎಂದು ನೀವು ಕೇಳುತ್ತೀರಿ. ನಾನಂತೂ ಕೇಳಲಿಲ್ಲ, ತಿಳಿದವನಂತೆ ಪರದೆಯನ್ನು ಹಿಗ್ಗಿಸಿ ನೋಡಿ ತಲೆಯಾಡಿಸಿದೆ.

“ಅದು ನನ್ ಅವರೆ ಕಣ್ರೀ,” ಎಂದಳು ಚಿಕ್ಕಮ್ಮ. “ನೀವೇ ಅಲ್ವಾ ಸಾಲು ಹೊಡ್ದಿದ್ದು?”

“ಹೊಡ್ದೆ, ಇಲ್ಲ ಅಂದೋರ್ಯಾರು? ಆದ್ರೆ ಮೇಲಿಂದ ನೋಡಿದ್ರೇನೇ ನಿಜ ಗೊತ್ತಾಗೋದು. ನೆಲದ ಮೇಲೆ ನಿಂತ್ಕೊಂಡು ನಿಂಗೇನ್ ಕಾಣ್ತದೆ?”

ತನ್ನ ಕೈಯಿಂದಲೇ ಬಿತ್ತಿದ್ದನ್ನು ಚಿತ್ರ ನೋಡಿ ಕಳೆಯೆಂದು ಒಪ್ಪಿದ ಮನುಷ್ಯ ಅವನು. ಇಂಥವರು ವಿಧಾನಸೌಧದಲ್ಲಿ ಮಾತ್ರ ಇರುತ್ತಾರೆಂದು ಅಲ್ಲಿಯವರೆಗೆ ತಿಳಿದಿದ್ದೆ.

ಡ್ರೋನು ಒಂದೊಂದೇ ಸಾಲು ಮುಗಿಸುತ್ತ ಬಂತು. ಕೊನೆಯ ಸಾಲಿನ ನಡುವೆ ಚಿಕ್ಕಮ್ಮ ಹೋಗಿ ನಿಂತಳು.

“ಆಂಟಿ, ಜರುಗಿ, ಮೈಮೇಲೆ ಬೀಳತ್ತೆ.”

“ಬೀಳ್ಲಿ ಬಿಡವ್ವ. ಕಳೆ ಜೊತೆ ನಾನೂ ಹೋಗ್ತೀನಿ.”

ಹೆಣ್ಣುಮಗಳು ಔಷಧಿ ನಿಲ್ಲಿಸಿ, ಮೇಲಿಂದ ಇನ್ನೊಂದು ಫೋಟೊ ತೆಗೆದಳು. ಪರದೆಯಲ್ಲಿ ಚಿಕ್ಕಮ್ಮನೂ ಕೆಂಪಾಗಿದ್ದಳು.

“ನೋಡ್ದೇನೋ,” ಎಂದು ಚಿಕ್ಕಪ್ಪ ನನಗೆ ಮೊಣಕೈಯಿಂದ ತಿವಿದ, “ಮಿಶಿನ್ನು ಸುಳ್ಳು ಹೇಳಲ್ಲ.”

ಅವಳು ಕದಲಲಿಲ್ಲ. ಡ್ರೋನಿನ ಬ್ಯಾಟರಿಗೆ ಅವಳಷ್ಟು ಹಟವಿರಲಿಲ್ಲ, ಇಳಿಯಿತು. ಒಂದು ಸಾಲು ಉಳಿಯಿತು.

ಅವಳು ಉಟ್ಟಿದ್ದು ಹಸಿರು ಸೀರೆ, ಅದಕ್ಕೇ ಯಂತ್ರ ಗಿಡವೆಂದುಕೊಂಡಿತು ಎಂದು ಎಷ್ಟೋ ಜನಕ್ಕೆ ಹೇಳಿದ್ದೇನೆ. ಕತೆಗೆ ಹಸಿರೇ ಅನುಕೂಲ. ಈಗ ಅವಳನ್ನೇ ಕೇಳಿದರೆ, “ನೀಲಿದು ಕಣೋ,” ಎನ್ನುತ್ತಾಳೆ. ಹಾಗಾದರೆ ಯಂತ್ರ ಏನು ಕಂಡಿತು? ನಾನು ಏನು ಕಂಡೆ? ನನ್ನ ನೆನಪೂ ಮೇಲಿಂದ ತೆಗೆದ ಫೋಟೊ ಇರಬಹುದು, ನಂಬಬೇಡಿ. ನಂಬುವುದಾದರೆ ಈ ಕಾಳನ್ನು ನಂಬಿ: ಆ ಒಂದು ಸಾಲಿನ ಬೀಜದಿಂದಲೇ ಬಂದದ್ದು ಇದು.

ನಡುಮನೆಯ ಗೋಡೆಯ ಮೇಲೆ ಆ ನಕ್ಷೆ ಇನ್ನೂ ಕಟ್ಟು ಹಾಕಿಸಿಕೊಂಡು ಕೂತಿದೆ. ಸಾರು ಕುದಿಯುವ ಹೊತ್ತಿಗೆ ಅದರ ಕೆಳಗಿನಿಂದಲೇ ಚಿಕ್ಕಪ್ಪ ಎದ್ದು ಬಂದ.

“ಘಮ್ ಅಂತದಲ್ಲ, ಅವರೆಕಾಳಾ?”

ಚಿಕ್ಕಮ್ಮ ತಲೆಯೆತ್ತಲಿಲ್ಲ. “ಅಲ್ಲ, ಕಳೆ. ಎಷ್ಟು ಸೌಟು ಬಡಿಸ್ಲಿ?”

ಅವನು ಬೋಗುಣಿಯನ್ನು ಮೇಲಿಂದ ಒಮ್ಮೆ ಬಗ್ಗಿ ನೋಡಿದ. ಆಮೇಲೆ ತಟ್ಟೆ ತರಲು ಹೋದ.