ಕೆಳಗಿನವ್ವನ ಹೆಪ್ಪು

ಅವರ ಬಲಗೈ ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿಕೊಂಡಿತ್ತು. ಮಗ್ಗದ ಮನೆಯಲ್ಲಿ ವರ್ಷಗಟ್ಟಲೆ ನೂಲು ಸುತ್ತಿ ಆದ ಸೀಳು ಎನ್ನುತ್ತಿದ್ದರು. ಆ ಸೀಳಿನಲ್ಲಿ ಅರಿಶಿನ ಕೂತು ಒಂದು ಹಳದಿ ಗೆರೆಯೇ ಆಗಿತ್ತು. ಯಾರಾದರೂ ವೈಫೈ ಕೇಳಿಕೊಂಡು ಬಂದರೆ ಅವರ ಫೋನನ್ನು ಈಸಿಕೊಂಡು, ಅದರ ಮೇಲೆ ಸೆರಗು ಎಳೆದುಕೊಂಡು, ಆ ಒಂದೇ ಹೆಬ್ಬೆರಳಿನಿಂದ ಕುಟುಕುಟು ಕುಟ್ಟಿ ವಾಪಸು ಕೊಡುತ್ತಿದ್ದರು. ಪಾಸ್‌ವರ್ಡನ್ನು ಅವರ ಬಾಯಿಂದ ಕೇಳಿದವರು ಓಣಿಯಲ್ಲಿ ಒಬ್ಬರೂ ಇರಲಿಲ್ಲ.

ಬೆಟಗೇರಿಯ ಆ ಮನೆಯ ಮಹಡಿಯ ಕೋಣೆಗೆ ನಾನು ಬಾಡಿಗೆಗೆ ಬಂದಾಗ ಅವರನ್ನು ಏನೆಂದು ಕರೆಯಬೇಕೋ ತಿಳಿಯದೆ ಕೆಳಗಿನವ್ವ ಎಂದುಕೊಂಡೆ. ಅದೇ ಉಳಿಯಿತು. ಕೆಳಗೆ ಅವರು ಮತ್ತು ಅವರ ಯಜಮಾನರು, ಇಬ್ಬರೇ. ಯಜಮಾನರ ಬಳಿ ಗುಂಡಿ ಒತ್ತುವ ಹಳೇ ಫೋನು ಮತ್ತು ಒಂದು ರೇಡಿಯೋ ಇದ್ದವು. ಮೂರನೆಯದು ಯಾವುದೂ ಅವರಿಗೆ ಬೇಕಿರಲಿಲ್ಲ. ಮಕ್ಕಳ ವಿಷಯ ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಲಕ್ಷ್ಮೇಶ್ವರದಲ್ಲಿದ್ದ ಅಕ್ಕನಿಗೆ ಕಿವಿ ಮಂದವಾದ ಮೇಲೆ, ಮುಖ ನೋಡಿಕೊಂಡು ಕೈಸನ್ನೆಯಲ್ಲಾದರೂ ಮಾತಾಡೋಣವೆಂದು ಅವ್ವ ಹಟ ಹಿಡಿದು ವೈಫೈ ಹಾಕಿಸಿದ್ದರು. ದಿನಾ ಮಧ್ಯಾಹ್ನ ಆ ಕಡೆಯಿಂದ ಒಂದು ಪಲ್ಯ, ಈ ಕಡೆಯಿಂದ ಒಂದು ಪಲ್ಯ ಪರದೆಯ ಹತ್ತಿರ ಬರುತ್ತಿತ್ತು.

ವೈಫೈಯನ್ನು ಅವರು ಹೆಪ್ಪಿನ ಹಾಗೆ ನಡೆಸುತ್ತಿದ್ದರು. ಹಾಗೆಂದರೇನು ಎಂದು ಅವರ ಮನೆಯ ಮೊಸರು ಉಂಡವರಿಗೆ ಬೇರೆ ಹೇಳಬೇಕಿಲ್ಲ. ಆ ಹೆಪ್ಪು ಡಂಬಳದ್ದು, ಮದುವೆಯಾಗಿ ಬರುವಾಗ ತವರಿನಿಂದ ಚರಿಗೆಯಲ್ಲಿ ತಂದದ್ದು. ಓಣಿಯಲ್ಲಿ ಯಾರ ಮನೆಯ ಮೊಸರು ಹುಳಿಯಾಗಿ ಕೆಟ್ಟರೂ ಹೆಪ್ಪಿಗೆ ಅವರಲ್ಲಿಗೇ ಬರಬೇಕು. ಕೇಳಿದವರಿಗೆ ಇಲ್ಲ ಎನ್ನುವಂತಿಲ್ಲ, ಅದಕ್ಕೆ ಬದಲು ಏನನ್ನೂ ತೆಗೆದುಕೊಳ್ಳುವಂತಿಲ್ಲ, ಸೆರಗು ಮುಚ್ಚದೆ ಒಯ್ಯುವಂತಿಲ್ಲ. ಮತ್ತೆ ಸಂಜೆ ದೀಪ ಹಚ್ಚಿದ ಮೇಲೆ ಏನೇ ಆದರೂ ಕೊಡುವಂತಿಲ್ಲ. ಈ ಕಾನೂನೆಲ್ಲ ಚಾಚೂ ತಪ್ಪದೆ ವೈಫೈಗೂ ಅನ್ವಯ. ಪಾಸ್‌ವರ್ಡ್ ಹೇಳಿಬಿಟ್ಟರೆ ಇಷ್ಟು ತ್ರಾಸು ಯಾಕೆ ಬೇಕೆಂದು ನಾನೊಮ್ಮೆ ಕೇಳಿದ್ದಕ್ಕೆ ತಿರುಗಿ ನನ್ನನ್ನೇ ನೋಡಿದರು.

“ಹೆಪ್ಪು ಕೊಡೂದು ತಂಗಿ, ಗಡಗಿ ಕೊಡೂದಲ್ಲ” ಎಂದರು.

ನನಗೆ ಇಂಥ ನೇಮಗಳನ್ನು ಕಂಡರೆ ಮೊದಲಿನಿಂದಲೂ ಮೈ ಉರಿಯುತ್ತದೆ. ಬಂದ ಹೊಸತರಲ್ಲಿ, ಅಂಗಡಿಯ ಕೆಲಸ ಮುಗಿಸಿ ಕತ್ತಲಾದ ಮೇಲೆ ಫೋನು ಹಿಡಿದು ನಿಂತಾಗ ಮುಂಜಾನೆ ಬಾ ಎಂದು ಕಳಿಸಿದ್ದರು. ಮಹಡಿ ಮೆಟ್ಟಿಲು ಹತ್ತುತ್ತ ನಾನು ಗೊಣಗಿದ್ದು ಅವರಿಗೆ ಕೇಳಿಸಿರಲಿಕ್ಕೂ ಸಾಕು. ಬೆಳಿಗ್ಗೆ ಬಾಗಿಲು ತೆರೆದರೆ ಅವರೇ ಮೇಲೆ ಬಂದು ನಿಂತಿದ್ದರು, ಒಂದು ಕೈಯಲ್ಲಿ ರೊಟ್ಟಿ, ಇನ್ನೊಂದು ಕೈ ನನ್ನ ಫೋನಿಗೆ ಚಾಚಿ.

ಒಂದು ಸಲ ಅವರಿಗೆ ಜ್ವರ ಬಂದು ವಾರಗಟ್ಟಲೆ ದವಾಖಾನೆಯಲ್ಲಿದ್ದಾಗ ಮನೆಯ ಮೊಸರು ಹಾಳಾಗಿ, ಡಂಬಳದ ಹೆಪ್ಪು ನಿಂತೇ ಹೋಯಿತಂತೆ. ಅಯ್ಯೋ, ತವರಿನದು ಹೋಯಿತಲ್ಲ ಎಂದು ನಾನು ಹಲುಬಿದರೆ ಅವರಿಗೆ ನಗು. ತಾವು ಹೆಪ್ಪು ಕೊಟ್ಟಿದ್ದ ಮನೆಗೇ ಹೋಗಿ ಒಂದು ಚಮಚ ಇಸಿದುಕೊಂಡು ಬಂದಿದ್ದರು.

“ಕೊಟ್ಟದ್ದು ಎಲ್ಲೂ ಹೋಗೂದಿಲ್ಲ. ಮಗ್ಗಲಮನ್ಯಾಗ ಇರತೈತಿ” ಎಂದರು.

ಆ ಮಗ್ಗುಲ ಮನೆಯ ಕಥೆಯನ್ನೂ ಹೇಳಬೇಕು. ಹೆಪ್ಪು ಮರಳಿ ತಂದ ಕಾಲಕ್ಕೆ ಮಾತಿತ್ತು, ಆದರೆ ನಾನು ಬರುವ ಮುಂಚೆಯೇ ಪಕ್ಕದ ಮನೆಯಾಕೆಗೂ ಅವ್ವನಿಗೂ ಮಾತು ನಿಂತಿತ್ತು. ಆಕೆಯ ಮಗಳನ್ನು ನೋಡಲು ಮುಂಡರಗಿಯಿಂದ ಬೀಗರಾಗುವವರು ಬಂದು ರಾತ್ರಿ ಉಳಿದಿದ್ದರು. ನಾಳೆಯ ಊಟಕ್ಕೆ ಹಾಲು ಕಾಸಿಟ್ಟು ನೋಡಿದರೆ ಮನೆಯಲ್ಲಿ ಹೆಪ್ಪಿಲ್ಲ. ಓಡಿ ಬಂದು ಕೇಳಿದಾಗ ಅವ್ವ ದೀಪ ಹಚ್ಚಿ ಆಗಿತ್ತು. ಕೊಡಲಿಲ್ಲ. ಮರುದಿನ ಬೀಗರು ಮೊಸರಿಲ್ಲದೆ ಉಂಡೆದ್ದರು. ಸಂಬಂಧವೇನೋ ಕೂಡಿತು, ಆದರೆ ಆ ಊಟದ ಮಾತು ಬೀಗರ ಬಾಯಲ್ಲಿ ಬಹಳ ದಿನ ಉಳಿಯಿತು. ಆಕೆ ಆವತ್ತಿನಿಂದ ಅವ್ವನನ್ನು ಕಂಡರೆ ಮುಖ ತಿರುಗಿಸುತ್ತಿದ್ದಳು. ಹೆಪ್ಪು ಮಾತ್ರ ಬೇರೊಬ್ಬರ ಕೈಯಿಂದ ತರಿಸಿಕೊಳ್ಳುತ್ತಿದ್ದಳು. ಆ ಬೇರೊಬ್ಬರದೂ ಅವ್ವನದೇ ಹೆಪ್ಪು!

ಇನ್ನು ನನ್ನ ವಿಷಯ. ಗಂಡ ತೀರಿಕೊಂಡ ಮೇಲೆ ಹಿರೇವಡ್ಡಟ್ಟಿಯಲ್ಲಿ ಅಣ್ಣನ ಮನೆಯಲ್ಲಿದ್ದೆ. ಅತ್ತಿಗೆ ಕೆಟ್ಟವಳಲ್ಲ, ಸುಳ್ಳು ಹೇಳಬಾರದು. ಆದರೆ ಊಟಕ್ಕೆ ಕರೆದಾಗಲೇ ಏಳಬೇಕಾದ ಮನೆಯಲ್ಲಿ ಎಷ್ಟು ದಿನ ಕೂತಿರಲು ಆಗುತ್ತದೆ? ಗದಗಿನ ಒಂದು ಸೀರೆ ಅಂಗಡಿಯಲ್ಲಿ ಕೆಲಸ ಹಿಡಿದು ಈ ಕೋಣೆಗೆ ಬಂದಿದ್ದೆ. ಅಂಗಡಿ ಮುಚ್ಚಿತು. ಮನೆಯಲ್ಲೇ ಕೂತು ಗಿರಾಕಿಗಳ ಫೋನಿಗೆ ಕನ್ನಡದಲ್ಲಿ ಉತ್ತರ ಕೊಡುವ ಕೆಲಸವೊಂದಿದೆ ಎಂದು ಅಂಗಡಿಯ ಗೆಳತಿ ಹೇಳಿದಳು. ಅರ್ಜಿ ಹಾಕಿದೆ. ಮನೆಯಲ್ಲಿ ವೈಫೈ ಇರಲೇಬೇಕು, ಸಂದರ್ಶನವೂ ಅದರಲ್ಲೇ ಆಗಬೇಕು ಎಂಬುದು ಅವರ ಷರತ್ತು. ಇದು ಸಿಗದಿದ್ದರೆ ಗಂಟುಮೂಟೆ ಕಟ್ಟಿ ಹಿರೇವಡ್ಡಟ್ಟಿ ಬಸ್ಸು ಹತ್ತುವುದೊಂದೇ ದಾರಿ ಎಂದು ನನಗೂ ಗೊತ್ತಿತ್ತು, ಅಣ್ಣನಿಗೂ ಗೊತ್ತಿತ್ತು.

ಸಂದರ್ಶನಕ್ಕೆ ಒಂದು ದಿನ ಮೊದಲು ನನ್ನ ಫೋನು ಬಟ್ಟೆ ನೆನೆಸಿದ ಬಕೀಟಿಗೆ ಬಿತ್ತು. ಗೆಳತಿ ತನ್ನ ತಮ್ಮನ ಫೋನೊಂದನ್ನು ಕೊಟ್ಟಳು. ಅದನ್ನು ಹಿಡಿದು ಧೈರ್ಯವಾಗಿಯೇ ಕೆಳಗಿಳಿದೆ, ಹೊತ್ತಿನ್ನೂ ಮಧ್ಯಾಹ್ನ, ದೀಪದ ತಂಟೆಯಿಲ್ಲ. ಅವ್ವ ಸೆರಗು ಎಳೆದುಕೊಂಡರು. ಹೆಬ್ಬೆರಳು ನಾಲ್ಕು ಸಲ ಕುಟ್ಟಿತು, ನಿಂತಿತು. ಮತ್ತೆ ಮೊದಲಿನಿಂದ ಕುಟ್ಟಿದರು, ಮತ್ತೆ ಅಲ್ಲೇ ನಿಂತಿತು. ಅಗ್ಗದ ಡೇಟಾ ಬಂದ ಮೇಲೆ ಓಣಿಯವರು ವೈಫೈ ಕೇಳಿ ಬರುವುದನ್ನೇ ಬಿಟ್ಟಿದ್ದರು. ಎಷ್ಟೋ ತಿಂಗಳಿಂದ ಆ ಬೆರಳಿಗೆ ಕೆಲಸವಿರಲಿಲ್ಲ.

“ಇದು ನನಗ ಯಾವತ್ತೂ ಗೊತ್ತಿರಲಿಲ್ಲ ತಂಗಿ. ಬೆರಳಿಗೆ ಗೊತ್ತಿತ್ತು. ಈಗ ಅದೂ ಮರತೈತಿ” ಎಂದು ಬೆರಳನ್ನೇ ನೋಡಿಕೊಂಡರು.

ಆಮೇಲಿನ ಎರಡು ತಾಸು ನಾನು ಮಾಡದ ಕಸರತ್ತಿಲ್ಲ. ವೈಫೈ ಡಬ್ಬಿಯನ್ನು ತಿರುವಿ ಹಿಂದಿನ ಚೀಟಿಯಲ್ಲಿದ್ದದ್ದನ್ನು ಹಾಕಿದೆ, ಅದು ಹಳೆಯದು. ಕೇಬಲ್‌ನವನಿಗೆ ಫೋನು ಮಾಡಿದರೆ ಅವನು ಶಿರಹಟ್ಟಿಯಲ್ಲಿ ಮದುವೆಯ ಊಟಕ್ಕೆ ಕೂತಿದ್ದ. ನಾಡಿದ್ದು ಬರುತ್ತೇನೆ, ಅಲ್ಲಿಯವರೆಗೆ ಡಬ್ಬಿಯ ಹಿಂದಿನ ಸಣ್ಣ ತೂತಿಗೆ ಮಾತ್ರ ಪಿನ್ನು ಚುಚ್ಚಬೇಡಿ, ಇದ್ದದ್ದೂ ಹೋಗುತ್ತದೆ ಎಂದ. ಅವ್ವನ ಹಳೇ ಫೋನಿನಲ್ಲಿ ವೈಫೈ ಬರುತ್ತಿತ್ತು, ಪಾಸ್‌ವರ್ಡಿನ ಜಾಗದಲ್ಲಿ ಮಾತ್ರ ಬರೀ ಚುಕ್ಕಿ. ಅದರಲ್ಲೇ ಸಂದರ್ಶನ ಮುಗಿಸೋಣವೆಂದರೆ ಕಂಪನಿಯ ಆ್ಯಪ್ ಅದರಲ್ಲಿ ಇಳಿಯಲಿಲ್ಲ. ಕೊನೆಗೆ ಗೆಳತಿಯೇ ಉಪಾಯ ಹೇಳಿದಳು. ಮೊದಲೇ ಈ ವೈಫೈ ಸೇರಿದ್ದ ಹೊಸ ನಮೂನೆಯ ಫೋನು ಯಾರಲ್ಲಾದರೂ ಇದ್ದರೆ ಅದು ಅಂಗಡಿಗಳಲ್ಲಿ ದುಡ್ಡು ಕಟ್ಟಲು ಇಟ್ಟಿರುವಂಥ ಒಂದು ಚೌಕದ ಚಿತ್ರ ತೋರಿಸುತ್ತದೆ, ಅದನ್ನು ನಮ್ಮ ಫೋನಿಗೆ ಹಿಡಿದರೆ ಸಾಕು.

ಓಣಿಯ ತುಂಬ ತಿರುಗಿದೆ. ದರ್ಜಿಯವರು ಫೋನು ಬದಲಿಸಿದ್ದರು. ಹಿಟ್ಟಿನ ಗಿರಣಿಯವರು ಒಂದು ಕಾಲಕ್ಕೆ ಇತ್ತು ಎಂದರು. ಬಾಡಿದ ಮುಖ ಹೊತ್ತು ವಾಪಸು ಬಂದು ಕಟ್ಟೆಯ ಮೇಲೆ ಕೂತು, ನಾಳೆ ಬರುತ್ತೇನೆಂದು ಅಣ್ಣನಿಗೆ ಹೇಳಿಬಿಡಲೇ ಎಂದು ಅವ್ವನನ್ನು ಕೇಳಿದೆ. ಅಳು ಬಂದಿತ್ತು, ಮುಚ್ಚಿಡಲಿಲ್ಲ.

ಅವ್ವ ಕೇಳಿದ್ದು ಬೇರೆ. ಕೊಟ್ಟ ಫೋನಿನಿಂದ ತಿರುಗಿ ತರಬಹುದು ಎಂಬುದು ಖರೆಯೋ ಎಂದರು. ಖರೆ ಎಂದೆ. ಹಾಗಾದರೆ ಮಗ್ಗುಲ ಮನೆಗೆ ಯಾಕೆ ಹೋಗಲಿಲ್ಲ ಎಂದರು. ನಿಮಗೂ ಅವರಿಗೂ ಮಾತಿಲ್ಲವಲ್ಲ, ಮಾತು ಬಿಡುವ ಮುಂಚೆ ಕೊಟ್ಟದ್ದನ್ನು ಅವರು ಇನ್ನೂ ಇಟ್ಟುಕೊಂಡಿರುತ್ತಾರೆಯೇ ಎಂದೆ.

“ದಿನಾ ಹಿತ್ತಲ ಗ್ವಾಡಿಗೆ ಆತು ಕುಂತು ನಮ್ಮದರಾಗ ಧಾರಾವಾಹಿ ನೋಡತಾಳ. ನನಗ ಕೇಳಸತೈತಿ. ಮಾತು ಬಿಟ್ಟೇವಂತ ಮಜ್ಜಿಗಿ ಬಿಡಸಾಕ ಆಕ್ಕತೇನು?” ಎಂದರು ಅವ್ವ.

ಸೊಂಟ ಹಿಡಿದುಕೊಂಡು ಎದ್ದರು. ಸೆರಗು ಸರಿಮಾಡಿಕೊಂಡು, ಆ ಮನೆಯ ಬಾಗಿಲಿಗೆ ಹೋಗಿ ನಿಂತರು. ಹಿಂದೆ ನಾನು. ಅಷ್ಟರಲ್ಲಿ ಹೊತ್ತು ಮುಳುಗಿತ್ತು. ಬಾಗಿಲಿಗೆ ಬಂದ ಆಕೆಯ ಬೆನ್ನ ಹಿಂದೆ ದೇವರ ಜಗುಲಿಯ ದೀಪ ಕಾಣುತ್ತಿತ್ತು. ನಾನು ಬಂದ ಕಾರಣವನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದೆ. ಆಕೆ ನನ್ನನ್ನು ನೋಡಲಿಲ್ಲ, ಅವ್ವನನ್ನೇ ನೋಡಿದಳು.

“ದೀಪ ಹಚ್ಚೀನ್ರಿ” ಎಂದಳು.

ಈ ಹಾಳು ನೇಮ ಹುಟ್ಟಿಸಿದವರು ಪಕ್ಕದಲ್ಲೇ ನಿಂತಿದ್ದಾರೆ, ಯಾರನ್ನೆಂದು ಬಯ್ಯಲಿ? ಅವ್ವ ಸಿಟ್ಟಾಗಲಿಲ್ಲ. ತಲೆಯಾಡಿಸಿದರು.

“ಖರೆ ಐತಿ, ಕೊಡಬ್ಯಾಡ. ನಾ ಬಂದದ್ದು ಇನ್ನೊಂದು ಮಾತಿಗೆ. ಅವತ್ತ ನೇಮ ನಂದು ಉಳೀತು, ಬೀಗರ ಮುಂದ ಮಾನ ನಿಂದು ಹೋತು. ಅದನ್ನ ಹೇಳಾಕ ಇಷ್ಟ ದಿನಾ ಬೇಕಾತು ನನಗ.”

ಆಕೆ ಬಾಗಿಲು ಮುಚ್ಚಲಿಲ್ಲ, ಒಳಗೂ ಕರೆಯಲಿಲ್ಲ. ನಾವು ತಿರುಗಿ ಬಂದೆವು. ನಾನು ಮೇಲೆ ಹೋಗಿ ಒಂದೆರಡು ಸೀರೆ ಮಡಚಿ ಚೀಲಕ್ಕೂ ಹಾಕಿದೆ.

ಬೆಳಿಗ್ಗೆ ಅಂಗಳಕ್ಕೆ ನೀರು ಚಿಮುಕಿಸುವ ಹೊತ್ತಿಗೆ ಕೆಳಗೆ ಮಾತು ಕೇಳಿಸಿತು. ಮೆಟ್ಟಿಲ ಮೇಲಿಂದ ಬಗ್ಗಿ ನೋಡಿದೆ. ಪಕ್ಕದ ಮನೆಯಾಕೆ ನಮ್ಮ ಬಾಗಿಲಲ್ಲಿದ್ದಳು. ಒಂದು ಕೈಯಲ್ಲಿ ಸೆರಗು ಮುಚ್ಚಿದ ಬಟ್ಟಲು, ಇನ್ನೊಂದು ಕೈಯಲ್ಲಿ ಫೋನು.

“ಹೆಪ್ಪು ನಿಮ್ಮದ ಅವ್ವಾರ, ನನ್ನ ಕೈಯಾಗ ಛಲೋ ಗಟ್ಟಿ ಆಗೇತಿ ನೋಡ್ರಿ. ಆ ತಂಗೀನ್ನ ಕರೀರಿ, ಹೊತ್ತಾಕ್ಕತಿ” ಎಂದಳು.

ನಾನು ಮೆಟ್ಟಿಲು ಇಳಿದೆನೋ ಹಾರಿದೆನೋ ನೆನಪಿಲ್ಲ. ಆಕೆಯ ಫೋನಿನಲ್ಲಿ ಚೌಕದ ಚಿತ್ರ ಮೂಡಿತು, ಅದರ ಅಡಿಯಲ್ಲಿ ಒಂದು ಸಾಲು ಅಕ್ಷರ, ಪಾಸ್‌ವರ್ಡೇ. ನಾನು ಬಗ್ಗುವಷ್ಟರಲ್ಲಿ ಅವ್ವನ ಸೀಳುಗುರಿನ ಹೆಬ್ಬೆರಳು ಬಂದು ಆ ಸಾಲಿನ ಮೇಲೆ ಕೂತಿತು. ಪಕ್ಕದ ಮನೆಯಾಕೆ ನಕ್ಕುಬಿಟ್ಟಳು. ಚಿತ್ರಕ್ಕೆ ಹಿಡಿದೆ, ನನ್ನ ಫೋನು ಸೇರಿಕೊಂಡಿತು.

ಸಂದರ್ಶನದ ಹೊತ್ತಿಗೆ ಯಜಮಾನರು, ನಾನು ಬಂದ ಮೇಲೆ ಮೊದಲ ಸಲ, ತಾವಾಗಿಯೇ ರೇಡಿಯೋ ಆರಿಸಿದರು. ಕಂಪನಿಯ ಹುಡುಗಿ ಅದೂ ಇದೂ ಕೇಳಿ, ಕೊನೆಗೆ ಈ ವೈಫೈ ಯಾರದು, ನಾಳೆ ಕಿತ್ತುಕೊಳ್ಳುವವರು ಯಾರೂ ಇಲ್ಲವಷ್ಟೇ ಎಂದಳು. ನಮ್ಮ ಅವ್ವನದು ಎಂದೆ. ಬಾಯಿಗೆ ಬಂದದ್ದು ಹಾಗೇ ಬಂತು. ಕೆಲಸ ಸಿಕ್ಕಿತು. ಚೀಲದಲ್ಲಿದ್ದ ಸೀರೆಗಳನ್ನು ಮತ್ತೆ ಹಗ್ಗದ ಮೇಲೆ ಹಾಕಿದೆ.

ಅವ್ವ ನೇಮ ಬಿಟ್ಟರು ಎಂದುಕೊಳ್ಳಬೇಡಿ. ಬಿಡುವ ಜೀವವಲ್ಲ ಅದು. ಆದರೆ ಅಂದಿನಿಂದ ದಿನಾ ಸಂಜೆ ಬತ್ತಿ ಹೊಸೆದಿಟ್ಟು ಹೊಸ್ತಿಲಿಗೆ ಬಂದು, ಇಗೋ ದೀಪ ಹಚ್ಚುತ್ತೇನೆ, ಯಾರಿಗೆ ಏನು ಬೇಕೋ ಈಗಲೇ ಕೇಳಿರಿ ಎಂದು ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದರು. ಗಿರಣಿಯವರು ಇದನ್ನು ಸಂಜೆಯ ಡಂಗುರ ಎಂದು ಚೇಷ್ಟೆ ಮಾಡುತ್ತಿದ್ದರು. ಒಂದೊಂದು ದಿನ ಪಕ್ಕದ ಮನೆಯಾಕೆ, ಏನೂ ಬೇಕಿಲ್ಲದಿದ್ದರೂ, ತಡೀರಿ ಅವ್ವಾರ, ಬಂದೆ ಎಂದು ಬಂದು ಕಟ್ಟೆಯ ಮೇಲೆ ಕೂರುತ್ತಿದ್ದಳು.

ಹೋದ ವರ್ಷ ಅವ್ವ ತೀರಿಕೊಂಡರು. ಹೆಚ್ಚು ನರಳಲಿಲ್ಲ. ಹಿಂದಿನ ದಿನವೂ ಡಂಗುರ ಹೊಡೆದಿದ್ದರು. ಯಜಮಾನರಿಗೆ ಪಕ್ಕದ ಮನೆಯಿಂದ ಒಂದು ಹೊತ್ತು, ನನ್ನಿಂದ ಒಂದು ಹೊತ್ತು ಊಟ ಹೋಗುತ್ತದೆ. ರೇಡಿಯೋ ಮೊದಲಿಗಿಂತ ಜೋರಾಗಿದೆ. ನಾನು ಈಗಲೂ ಮೇಲಿನ ಕೋಣೆಯಲ್ಲೇ ಇದ್ದೇನೆ, ಅದೇ ಕೆಲಸ. ಡಬ್ಬಿಯೂ ಅದೇ. ಪಾಸ್‌ವರ್ಡನ್ನು ಬದಲಿಸಿಬಿಡಿ ಎಂದು ಕೇಬಲ್‌ನವನು ಹೇಳಿದ. ಬೇಡ ಎಂದೆ.

ಮೊನ್ನೆ ಬಿಂಕದಕಟ್ಟಿ ಕಡೆಯ ನರ್ಸ್ ಒಬ್ಬಳು ಎದುರು ಮನೆಗೆ ಬಾಡಿಗೆಗೆ ಬಂದಳು. ಸಾಮಾನು ಇಳಿಸಿದ ಕೂಡಲೇ ಫೋನು ಹಿಡಿದು ಮೆಟ್ಟಿಲು ಹತ್ತಿ ಬಂದು, ಡೇಟಾ ತೀರಿದೆ, ಊರಿಗೆ ಮುಖ ತೋರಿಸಬೇಕು, ನಿಮ್ಮ ವೈಫೈ ಪಾಸ್‌ವರ್ಡ್ ಏನಕ್ಕಾ ಎಂದು ಕೇಳಿದಳು. ಗೊತ್ತಿಲ್ಲ ಎಂದೆ. ಆಕೆ ಪೆಚ್ಚಾದಳು. ಅದು ಸುಳ್ಳಲ್ಲ, ನನಗೆ ಇಂದಿಗೂ ಗೊತ್ತಿಲ್ಲ. ಹೊರಗೆ ನೋಡಿದೆ, ದೀಪ ಹಚ್ಚಲು ಇನ್ನೂ ಹೊತ್ತಿತ್ತು. ನನ್ನ ಫೋನಿನಲ್ಲಿ ಚೌಕದ ಚಿತ್ರ ತೆರೆದು ಅವಳ ಮುಂದೆ ಹಿಡಿದೆ. ಅಡಿಯಲ್ಲಿ ಆ ಸಾಲು ಮೂಡುವ ಮೊದಲೇ ನನ್ನ ಹೆಬ್ಬೆರಳು ಹೋಗಿ ಅಲ್ಲಿ ಕೂತಿತ್ತು.