ಮೂರು ಹೊಲಿಗೆ ಹಿಂದಕ್ಕೆ

ಟೈಲರಕ್ಕ ಯಾರನ್ನೂ ಮುಖ ನೋಡಿ ನಂಬಿದವಳಲ್ಲ. ಬಟ್ಟೆಯ ಒಳಮೈ ನೋಡಿ ನಂಬಿದವಳು. "ಹೊರಗಡೆ ಎಲ್ರೂ ನೀಟಾಗೇ ಹೊಲೀತಾರೆ. ತಿರುವಿ ನೋಡು, ಬಂಡವಾಳ ಬಯಲಾಗುತ್ತೆ," ಎಂದು ಹೇಳದೆ ಅವಳು ಯಾವ ರವಿಕೆಯನ್ನೂ ಕೈಗೆ ತೆಗೆದುಕೊಂಡದ್ದಿಲ್ಲ. ಮೂವತ್ತು ವರ್ಷ ಒಂದೇ ಕಿಟಕಿಯ ಪಕ್ಕ, ಒಂದೇ ಮಿಷನ್ನಿನ ಮುಂದೆ ಕೂತು ಬೆನ್ನು ಬಾಗಿಸಿಕೊಂಡವಳು. ಗಂಡ ಬೇಗ ಹೋದ, ಮಕ್ಕಳಾಗಲಿಲ್ಲ. ತನ್ನವರು ಅಂತ ಉಳಿದದ್ದು ತಂಗಿಯೊಬ್ಬಳೇ. ಆ ತಂಗಿಯೂ ಕಡಲಾಚೆಯ ದೇಶದಲ್ಲಿ ಯಾರದೋ ಮನೆಯ ಅಡುಗೆ ಮಾಡಿಕೊಂಡು ಹದಿನಾಲ್ಕು ವರ್ಷ ಕಳೆದಿದ್ದಳು.

ಇಬ್ಬರಿಗೂ ಸೂಜಿ ಹಿಡಿಯಲು ಕಲಿಸಿದವಳು ಅಮ್ಮ. ಅವಳದೊಂದು ವಿಚಿತ್ರ ಪದ್ಧತಿ. ಹೊಲಿದು ಗಂಟು ಹಾಕಿದ ಮೇಲೂ ದಾರ ಕತ್ತರಿಸಲು ಬಿಡುತ್ತಿರಲಿಲ್ಲ. ಬಂದ ದಾರಿಯಲ್ಲೇ ಮೂರು ಪುಟ್ಟ ಹೊಲಿಗೆ ಹಿಂದಕ್ಕೆ ಹಾಕಿಸಿ, ಮೂರನೆಯದನ್ನು ಓರೆ ಮಾಡಿಸಿ, ಆಮೇಲೇ ಕತ್ತರಿ. "ಹೋದ ದಾರ ಮನೆಗೆ ಬಂದು ಬಾಗಿಲು ಹಾಕ್ಕೋಬೇಕು ಕಣ್ರೇ," ಎನ್ನುತ್ತಿದ್ದಳು. ಅಮ್ಮ ತೀರಿಕೊಂಡ ಮೇಲೆ ಆ ಓರೆ ಹೊಲಿಗೆ ಬಲ್ಲವರು ಲೋಕದಲ್ಲಿ ಇಬ್ಬರೇ ಉಳಿದರು.

ಒಂದು ದಿನ ತಂಗಿಯ ಫೋನು ಬಂತು. ಹೊಟ್ಟೆಯಲ್ಲಿ ಗಡ್ಡೆ, ಆಸ್ಪತ್ರೆ ಸೇರಿ ಇಪ್ಪತ್ತು ದಿನವಾಯಿತು, ಡಾಕ್ಟರು ಕೈಚೆಲ್ಲಿದ್ದಾರೆ. ಇಷ್ಟನ್ನು ಎರಡೇ ಮಾತಿನಲ್ಲಿ ಮುಗಿಸಿದ ಪುಣ್ಯಾತ್ಗಿತ್ತಿ, ಅಂಗಿಯ ದೂರನ್ನು ಮಾತ್ರ ಹತ್ತು ನಿಮಿಷ ಹೇಳಿದಳು.

"ಅಕ್ಕಾ, ಇಲ್ಲಿ ಕೊಡೋ ಅಂಗಿಗೆ ಬೆನ್ನೇ ಇಲ್ಲ ಕಣೇ. ಹಿಂದೆ ಪೂರ್ತಿ ಬಿಟ್ಕೊಂಡಿರುತ್ತೆ. ಮಗ್ಗುಲು ಬದಲಾಯಿಸಿದ್ರೆ ಮಾನ ಹೋಗುತ್ತೆ. ಬರುವಾಗ ಒಂದು ಹೊಲ್ಕೊಂಡು ಬಾ. ಬೆನ್ನು ಮುಚ್ಕೊಂಡಾದ್ರೂ ಹೋಗ್ತೀನಿ."

"ಬಾಯ್ಮುಚ್ಚೇ! ಎಲ್ಲಿಗೆ ಹೋಗ್ತೀಯ? ನಾನು ಬರೋವರೆಗೂ ಅಲ್ಲಾಡಕೂಡದು," ಎಂದು ಗದರಿದಳು ಅಕ್ಕ. ಫೋನಿಟ್ಟ ಮೇಲೆ ಗೋಳೋ ಎಂದು ಅತ್ತಳು.

ತಂಗಿಯ ಹಳೆಯ ಅಳತೆಗೆ ಬಟ್ಟೆ ಕತ್ತರಿಸಿದವಳು, ಕಾಯಿಲೆಯಲ್ಲಿ ಸೊರಗಿರುತ್ತಾಳೆಂದು ಯೋಚಿಸಿ ನಾಲ್ಕು ಇಂಚು ಒಳಗೆ ಹಿಡಿದಳು. ಮೆತ್ತನೆಯ ಹತ್ತಿ ಬಟ್ಟೆ, ಮುಂದೆ ಗುಂಡಿ, ಹಿಂದೆ ಬೆನ್ನು ತುಂಬ ಬಟ್ಟೆ. ಆಸ್ಪತ್ರೆಯ ವಿಳಾಸದ ಚೀಟಿಯನ್ನೂ ಒಂದಿಷ್ಟು ನೋಟುಗಳನ್ನೂ ತನ್ನ ಒಳಲಂಗದ ಜೇಬಿಗೆ ಹಾಕಿ ಜೇಬಿನ ಬಾಯಿ ಹೊಲಿದುಕೊಂಡಳು. ಹೊರಟು ವಿಮಾನ ಹತ್ತಿದಳು; ಅದನ್ನು ಹತ್ತಿರದಿಂದ ನೋಡಿದ್ದೇ ಅವತ್ತು.

ಬೆಳಿಗ್ಗೆ ಆ ದೇಶದಲ್ಲಿಳಿದು ಹೊರಬಂದರೆ, "ಟೈಲರಕ್ಕಾ!" ಎಂದು ನಮ್ಮದೇ ಮಾತಿನಲ್ಲಿ ಯಾರೋ ಕೂಗಿದರು. ನಲವತ್ತರ ಆಸುಪಾಸಿನ ಗಂಡಸು. ನಗುಮುಖ, ನೀಲಿ ಶರ್ಟು.

"ನಿಮ್ಮ ತಂಗಿ ಕಳಿಸಿದ್ರು ಅಕ್ಕ. ಹೊಸ ಊರು, ಒಬ್ಳೇ ಬರ್ತಾಳೆ, ಕರ್ಕೊಂಬನ್ನಿ ಅಂದ್ರು."

ಅಷ್ಟಕ್ಕೆಲ್ಲ ಬಗ್ಗುವ ಹೆಂಗಸಲ್ಲ ಅವಳು. ಬ್ಯಾಗನ್ನು ಎದೆಗವಚಿಕೊಂಡು, "ಯಾರಪ್ಪಾ ನೀನು? ನಂಗೇನೂ ಹೇಳಿಲ್ವಲ್ಲ ಅವಳು?" ಎಂದಳು. ಆಗಲೇ ಅವನ ಶರ್ಟಿನ ತೋಳು ಕಣ್ಣಿಗೆ ಬಿತ್ತು. ಮಡಚಿದ ತೋಳಿನ ಒಳಮೈ ಹೊರಗೆ ಬಂದಿತ್ತು. ಅಲ್ಲಿ ಹರಿದದ್ದನ್ನು ಕೂಡಿಸಿದ ಹೊಲಿಗೆ. ಕೊನೆಯಲ್ಲಿ ಮೂರು ಪುಟ್ಟ ಹೊಲಿಗೆ ಹಿಂದಕ್ಕೆ. ಮೂರನೆಯದು ಓರೆ.

ಅವಳ ಕಣ್ಣು ತುಂಬಿ ಬಂತು. ತಂಗಿಯ ಕೈ ಹೊಲಿದ ಶರ್ಟು ತೊಟ್ಟವನನ್ನು ಅನುಮಾನಿಸಿದೆನಲ್ಲ ಎಂದು ನಾಚಿಕೆಯೂ ಆಯಿತು. ಬೇರೆ ಯಾರೇ ಆಗಿದ್ದರೂ ಗುರುತಿನ ಚೀಟಿ ಕೇಳುತ್ತಿದ್ದರು. ಇವಳಿಗೆ ತೋಳಿನ ಹೊಲಿಗೆಯೇ ಚೀಟಿಯಾಯಿತು.

ಅವನು ಕಾರಿನಲ್ಲಿ ಒಂದು ಲಾಡ್ಜಿಗೆ ಕರೆದೊಯ್ದ. ಮಂಚ, ಕುರ್ಚಿ, ಗೋಡೆಗೆ ತೆರೆಯುವ ಕಿಟಕಿ. "ಪಾಸ್ ಇಲ್ದೆ ಆಸ್ಪತ್ರೆ ಒಳಗೆ ಬಿಡಲ್ಲ ಅಕ್ಕ. ಪಾಸ್‌ಪೋರ್ಟ್ ಕೊಡಿ, ಅರ್ಧ ಗಂಟೇಲಿ ಮಾಡಿಸ್ಕೊಂಡು ಬಂದೆ. ಫೋನೂ ಕೊಡಿ, ಇಲ್ಲಿ ಸಿಮ್ ಹಾಕಿಸ್ತೀನಿ. ಸಾಮಾನೂ ಮೊದ್ಲೇ ಚೆಕ್ ಮಾಡಿಸ್ಬೇಕು," ಎಂದ. ಬ್ಯಾಗು ಕೊಡುವಾಗ ಅವಳು, "ಮೇಲಿರೋ ಅಂಗಿ ಮಡಿಕೆ ಕೆಡದ ಹಾಗೆ ನೋಡ್ಕೋಪ್ಪಾ," ಎಂದಳು. "ನಿಮ್ಮ ತಂಗಿ ನಂಗೂ ತಂಗಿ ಇದ್ದ ಹಾಗೆ ಅಕ್ಕ," ಎಂದ ಅವನ ನಾಲಿಗೆ ಬಿದ್ದುಹೋಗಲಿ.

ಹೋದವನು ಹೋದ. ಅರ್ಧ ಗಂಟೆ ಮಧ್ಯಾಹ್ನವಾಯಿತು, ಮಧ್ಯಾಹ್ನ ಸಂಜೆಯಾಯಿತು. ಅವನು ಟೋಪಿ ಹಾಕಿದ ಎಂಬ ಯೋಚನೆ ಅವಳ ಹತ್ತಿರವೂ ಸುಳಿಯಲಿಲ್ಲ ನೋಡಿ. ಕ್ಯೂ ಉದ್ದ ಇರಬೇಕು, ಆಫೀಸು ಮುಚ್ಚಿರಬೇಕು, ನಾಳೆ ಬಾ ಅಂದಿರಬೇಕು, ಹೀಗೆ ಅವನ ಪರವಾಗಿ ತಾನೇ ನೆಪ ಹುಡುಕಿಕೊಟ್ಟಳು. ಆಸ್ಪತ್ರೆಯ ಚೀಟಿ ಲಂಗದಲ್ಲೇ ಇತ್ತು. ಆದರೆ ತಾನು ಅತ್ತ ಹೋಗಿ ಅವನು ಇತ್ತ ಬಂದರೆ? ತಂಗಿ ನಂಬಿ ಕಳಿಸಿದ ಮನುಷ್ಯ ಪೇಚಾಡಬಾರದಲ್ಲ!

ಮಾರನೆಯ ಬೆಳಿಗ್ಗೆ ಕೋಣೆ ಗುಡಿಸಲು ಬಂದ ಹೆಂಗಸು, ತಲೆ ಬಾಚಿಕೊಂಡು ಮಂಚದಂಚಿನಲ್ಲಿ ಹಾಗೇ ಕೂತಿದ್ದ ಅವಳನ್ನು ಕಂಡು ಗಾಬರಿಯಾದಳು. ಇಬ್ಬರ ಭಾಷೆಯೂ ಬೇರೆ. ಟೈಲರಕ್ಕ ಪಾಸ್‌ಪೋರ್ಟು, ಫೋನು, ಬ್ಯಾಗು ಎಲ್ಲವನ್ನೂ ಕೈಸನ್ನೆಯಲ್ಲಿ ಹೇಳಿದಳು. ಆ ಹೆಂಗಸು ಹಣೆ ಚಚ್ಚಿಕೊಂಡಾಗಲೇ ಇವಳಿಗೆ ಮೋಸ ಹೊಳೆದದ್ದು. ಲಂಗದ ಜೇಬನ್ನು ಪರ್ರನೆ ಹರಿದು ಚೀಟಿ ತೆಗೆದಳು. ಆ ಹೆಂಗಸೇ ಓಡಿಹೋಗಿ ಟ್ಯಾಕ್ಸಿ ನಿಲ್ಲಿಸಿದಳು.

ವಾರ್ಡಿನಲ್ಲಿ ನಮ್ಮ ಮಾತು ಬಲ್ಲ ನರ್ಸೊಬ್ಬಳಿದ್ದಳು. ಇವಳ ಮುಖ ನೋಡಿದವಳೇ, "ಅಕ್ಕ ಅಲ್ವಾ ನೀವು?" ಎಂದು ಕೇಳಿ ತಲೆ ತಗ್ಗಿಸಿದಳು. "ಬೆಳಗಿನ ಜಾವ ಹೋಗ್ಬಿಟ್ರು ಅಕ್ಕ."

ಟೈಲರಕ್ಕ ಬಾಗಿಲ ಬಳಿಯ ಬೆಂಚಿನ ಮೇಲೆ ಕೂತಳು.

ನರ್ಸು ಅವಳ ಪಕ್ಕ ಕೂತು, ಕೇಳದಿದ್ದರೂ ಎಲ್ಲವನ್ನೂ ಹೇಳಿದಳು. ನೀಲಿ ಶರ್ಟಿನ ಆ ಮನುಷ್ಯ ಪಕ್ಕದ ಹಾಸಿಗೆಯವರನ್ನು ನೋಡಲು ಬರುತ್ತಿದ್ದ. ತೋಳು ಹರಿದದ್ದು ಕಂಡು ತಂಗಿ, ಮೊನ್ನೆ, ನಡುಗುವ ಕೈಯಲ್ಲೇ ಹೊಲಿದುಕೊಟ್ಟಿದ್ದಳು. ಹೊಲಿಯುತ್ತ ಅಕ್ಕನ ಸುದ್ದಿಯನ್ನೆಲ್ಲ ಹೇಳಿದ್ದಳು: ಯಾವ ವಿಮಾನ, ಎಷ್ಟು ಹೊತ್ತಿಗೆ. ಕರೆದುಕೊಂಡು ಬರುತ್ತೇನೆ ಎಂದು ಅವನೇ ಮುಂದೆ ಬಿದ್ದು ಮಾತು ಕೊಟ್ಟಿದ್ದ.

"ನಿನ್ನೆಯೆಲ್ಲ ಬಾಗಿಲು ನೋಡ್ತಾನೇ ಇದ್ರು. ಸಂಜೆ ಏನಂದ್ರು ಗೊತ್ತಾ? 'ಪಾಪ, ಅವರಿಗೆ ದಾರೀಲಿ ಏನಾದ್ರೂ ಆಯ್ತೇನೋ. ಜೊತೇಲಿ ಅಕ್ಕ ಇದ್ದಾಳೆ, ನೋಡ್ಕೋತಾಳೆ ಬಿಡಿ' ಅಂದ್ರು. ಅಂದ ಹಾಗೆ, ಅವರೆಲ್ಲಿ ಅಕ್ಕ?"

"ಬಿಡಮ್ಮ," ಎಂದಳು ಟೈಲರಕ್ಕ.

ಸಾಯುವ ತಂಗಿ ಕೊನೆಗೆ ಮರುಗಿದ್ದು ಆ ಕಳ್ಳನಿಗಾಗಿ! ಅವಳು ಎದ್ದು, ಇನ್ನೂ ಮಂಚದಲ್ಲೇ ಇದ್ದ ತಂಗಿಯ ಬಳಿ ಹೋದಳು. ಹೊದಿಕೆ ಸರಿಸಿ ನೋಡಿದಳು. ತಂಗಿ ಅದೇ ಆಸ್ಪತ್ರೆಯ ಅಂಗಿಯಲ್ಲಿದ್ದಳು. ಮಗ್ಗುಲಿಗೆ ತಿರುಗಿಸಿದರೆ ಬೆನ್ನು ಪೂರ್ತಿ ಬಯಲು. ಒಂದೊಂದು ಮೂಳೆಯೂ ಕಾಣುತ್ತಿತ್ತು. ನಾಲ್ಕು ಇಂಚು ಸಾಲುತ್ತಿರಲಿಲ್ಲ, ಆರು ಹಿಡಿಯಬೇಕಿತ್ತು.

ಹಾಸಿಗೆಯ ಪಕ್ಕದ ಡ್ರಾಯರಿನಲ್ಲಿ ತಂಗಿಯ ಸೂಜಿ ಡಬ್ಬಿ ಇತ್ತು. ಸೂಜಿಗೆ ನೀಲಿ ದಾರ ಪೋಣಿಸಿಯೇ ಇತ್ತು, ಅವನ ಶರ್ಟಿನ ನೀಲಿ. ಟೈಲರಕ್ಕನ ಕೈ ಹಿಂದೆ ಸರಿಯಿತು.

"ಬಿಳಿ ದಾರ ತರ್ಲಾ ಅಕ್ಕ?" ನರ್ಸು ಕೇಳಿದಳು.

"ಬೇಡಮ್ಮ. ಇದನ್ನ ಇವಳೇ ಪೋಣಿಸಿಟ್ಟಿದ್ದು. ದಾರ ಏನು ತಪ್ಪು ಮಾಡಿದೆ?"

ನರ್ಸು ತಂಗಿಯನ್ನು ಮಗ್ಗುಲಲ್ಲಿ ಹಿಡಿದುಕೊಂಡಳು. ಅಕ್ಕ ಅಂಗಿಯ ಎರಡೂ ಅಂಚು ಕೂಡಿಸಿ ಕುತ್ತಿಗೆಯಿಂದ ಕೆಳಗಿನವರೆಗೆ ಹೊಲಿದಳು. ಕಣ್ಣು ಮಂಜಾಗಿ ಸೂಜಿ ಎರಡು ಸಲ ಬೆರಳಿಗೆ ಚುಚ್ಚಿತು. ಗಂಟು ಹಾಕಿ, ಮೂರು ಪುಟ್ಟ ಹೊಲಿಗೆ ಹಿಂದಕ್ಕೆ ಹಾಕಿದಳು. ಮೂರನೆಯದನ್ನು ಓರೆ ಮಾಡಿದಳು.

ಕತ್ತರಿ ಇರಲಿಲ್ಲ. ಬಾಗಿ, ದಾರವನ್ನು ಹಲ್ಲಿನಲ್ಲೇ ಕಡಿದಳು.

"ಮುಚ್ಚಿದೆ ಕಣೇ," ಎಂದಳು. "ಇನ್ನು ಹೋಗು."